ಯಾವ ಮಾಟುಂಗಾ ಸರ್? ಒಂದು ವಿಚಾರ ಸಂಕಿರಣದ ಪ್ರಯಾಣ, ವಸತಿಯ ಪ್ರಕರಣ

ಮುಂಬಯಿಯಲ್ಲಿ ಎರಡು ದಿನದ ವಿಚಾರ ಸಂಕಿರಣ ಮಾಡುವುದು ಅಂದರೆ ಅರ್ಧ ಕೆಲಸ ವಿಚಾರದ್ದು, ಉಳಿದರ್ಧ ರೈಲಿನದ್ದು. ಇದು ನಮಗೆ ಗೊತ್ತಿರಲಿಲ್ಲ ಅಂತಲ್ಲ. ಎಲ್ಲರೂ ಮೂವತ್ತು ನಲವತ್ತು ವರ್ಷದಿಂದ ಇದೇ ಊರಲ್ಲಿ ಇದ್ದವರು. ಊರು ಚೆನ್ನಾಗಿ ಗೊತ್ತು ಅನ್ನುವ ಆ ಧೈರ್ಯದಿಂದಲೇ ಕೆಲವು ತಪ್ಪು ಮಾಡಿದೆವು. ಇಲ್ಲಿ ಬರೆಯುತ್ತಿರುವುದು ಆ ಒಂದು ಸಲದ ಕತೆ. ನಮ್ಮ ಬಳಗದ ಹೆಸರು, ಅತಿಥಿಗಳ ಗುರುತು, ಲಾಡ್ಜುಗಳ ಹೆಸರು ಬಿಟ್ಟಿದ್ದೇನೆ. ಒಂದೆರಡು ವಿವರ ಬದಲಿಸಿಯೂ ಇದ್ದೇನೆ. ಪ್ರಯಾಣ, ವಸತಿ ನೋಡಿಕೊಳ್ಳುವ ಜವಾಬ್ದಾರಿ ನನ್ನದಾಗಿತ್ತು. ಆದ್ದರಿಂದ ಕೆಳಗಿನ ತಪ್ಪುಗಳಲ್ಲಿ ಹೆಚ್ಚಿನವು ನನ್ನವೇ.

ಹಿನ್ನೆಲೆ

ನಮ್ಮದು ಹದಿನೈದು ಇಪ್ಪತ್ತು ಜನರ ಸಣ್ಣ ಬಳಗ. ಕೆಲವರು ನಿವೃತ್ತ ಬ್ಯಾಂಕ್ ನೌಕರರು, ಇಬ್ಬರು ಕಾಲೇಜು ಮೇಷ್ಟ್ರು, ಒಬ್ಬರು ಹೋಟೆಲ್ ಮಾಲೀಕರು. ವಿಷಯ ಮುಂಬಯಿಯ ಕನ್ನಡ ರಾತ್ರಿ ಶಾಲೆಗಳು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಪಾಠ ಕಲಿತ ಹುಡುಗರ ಕತೆ. ಸಮಯ 2025ರ ಫೆಬ್ರವರಿಯ ಒಂದು ಶನಿವಾರ, ಭಾನುವಾರ. ಜಾಗ ಮಾಟುಂಗಾ ಪೂರ್ವ, ಕಿಂಗ್ಸ್ ಸರ್ಕಲ್ ಹತ್ತಿರದ ಒಂದು ಸಭಾಂಗಣ. ಮಾಟುಂಗಾ ಅಂದರೆ ನಮ್ಮವರಿಗೆ ಮನೆಯಂಗಳವೇ. ಬೆಳಿಗ್ಗೆ ಇಡ್ಲಿಗೆ, ಮಧ್ಯಾಹ್ನ ಅನ್ನ ಸಾರಿಗೆ ಪರದಾಡಬೇಕಿಲ್ಲ.

ಹೊರಗಿನಿಂದ ಬರುವವರು 16 ಜನ. ಕರಾವಳಿಯಿಂದ ಆರು, ಬೆಂಗಳೂರಿನಿಂದ ನಾಲ್ಕು, ಧಾರವಾಡ, ಹುಬ್ಬಳ್ಳಿ ಕಡೆಯಿಂದ ನಾಲ್ಕು, ಕಲಬುರಗಿಯಿಂದ ಒಬ್ಬರು, ಮೈಸೂರಿನಿಂದ ಒಬ್ಬರು. ಇವರಲ್ಲಿ ಏಳು ಜನ ಅರವತ್ತು ದಾಟಿದವರು. ಈ ಕೊನೆಯ ಸಂಖ್ಯೆಯನ್ನು ನಾವು ಲೆಕ್ಕ ಹಾಕಿದ್ದು ಬಹಳ ತಡವಾಗಿ. ನಾವು ಕಳಿಸಿದ ಫಾರ್ಮಿನಲ್ಲಿ ಪ್ರಬಂಧದ ಶೀರ್ಷಿಕೆ ಇತ್ತು, ಸಸ್ಯಾಹಾರವೋ ಮಾಂಸಾಹಾರವೋ ಇತ್ತು. ವಯಸ್ಸು ಇರಲಿಲ್ಲ. ಮೆಟ್ಟಿಲು ಹತ್ತಬಲ್ಲಿರಾ ಅಂತ ಕೇಳಿರಲಿಲ್ಲ.

ಮೊದಲ ಯೋಚನೆ: ಮನೆಗಳು

ಮೊದಲ ಸಭೆಯಲ್ಲಿ ಅಧ್ಯಕ್ಷರು ಹೇಳಿದ್ದು, “ಲಾಡ್ಜ್ ಯಾಕೆ ಮಾರಾಯ್ರೆ, ನಮ್ಮ ಮನೆಗಳಿಲ್ವಾ? ಒಬ್ಬೊಬ್ಬರು ಒಬ್ಬೊಬ್ಬರನ್ನು ಇಳಿಸಿಕೊಂಡರೆ ಆಯ್ತು.” ಎಲ್ಲರೂ ತಲೆಯಾಡಿಸಿದೆವು. ಹಳೆಯ ಮುಂಬಯಿಯಲ್ಲಿ ಊರಿಂದ ಬಂದವರು ಇಳಿಯುತ್ತಿದ್ದದ್ದು ಹಾಗೇ ತಾನೆ.

ಆ ರಾತ್ರಿ ಒಬ್ಬ ಸದಸ್ಯರ ಹೆಂಡತಿ ನನಗೆ ಫೋನ್ ಮಾಡಿದರು. “ಅಣ್ಣಾ, ನಮ್ಮದು ಒನ್ ಬಿಎಚ್‌ಕೆ. ಬಾತ್‌ರೂಮ್ ಒಂದೇ. ಮಗಳಿಗೆ ಏಳು ಗಂಟೆಗೆ ಕಾಲೇಜು. ಇವರು ಸುಮ್ನೆ ಕೈ ಎತ್ತಿ ಬಂದ್ರು. ಬೆಳಿಗ್ಗೆ ಎದ್ದು ತಿಂಡಿ ಮಾಡೋದು ಯಾರು?” ನನ್ನ ಹತ್ತಿರ ಉತ್ತರ ಇರಲಿಲ್ಲ. ಮರುದಿನ ಒಪ್ಪಿದವರ ಪಟ್ಟಿ ಹಿಡಿದು ಕೂತೆ. ಡೊಂಬಿವಲಿ, ಮುಲುಂಡ್, ಮೀರಾ ರೋಡ್, ನೆರೂಲ್. ನಾಲ್ಕು ದಿಕ್ಕು, ಮೂರು ಲೈನು. ಡೊಂಬಿವಲಿಯಿಂದ ಬೆಳಗಿನ ಲೋಕಲಿನಲ್ಲಿ ಎಪ್ಪತ್ತು ದಾಟಿದ ವಿದ್ವಾಂಸರನ್ನು ಹತ್ತಿಸುವುದನ್ನು ಕಣ್ಣ ಮುಂದೆ ತಂದುಕೊಂಡೆ. ಪಟ್ಟಿಯನ್ನು ಮಡಚಿಟ್ಟೆ.

ಅದೇ ಹೊತ್ತಿಗೆ ಧಾರವಾಡದ ಲೇಖಕಿಯೊಬ್ಬರು ನೇರವಾಗಿ ಕೇಳಿದರು. “ನನಗ ಒಂದು ಬ್ಯಾರೆ ಖೋಲಿ ಬೇಕ್ರಿ. ಗೊತ್ತಿಲ್ದವರ ಮನ್ಯಾಗ ನಿದ್ದಿ ಬರಂಗಿಲ್ಲ. ಬೇಕಂದ್ರ ರೊಕ್ಕ ನಾನ ಕೊಡ್ತೀನಿ.” ಅವರು ಹೇಳಿದ್ದು ಒಳ್ಳೆಯದಾಯಿತು. ಬೇರೆಯವರು ಸಂಕೋಚಕ್ಕೆ ಸುಮ್ಮನಿದ್ದರು ಅಷ್ಟೇ. ಆಮೇಲೆ ಒಬ್ಬೊಬ್ಬರಿಗೂ ಫೋನ್ ಮಾಡಿ ಕೇಳಿದಾಗ 16ರಲ್ಲಿ 13 ಜನ ಲಾಡ್ಜೇ ಆಗಲಿ ಅಂದರು. ಉಳಿದ ಮೂವರಿಗೆ ಇಲ್ಲೇ ನೆಂಟರಿದ್ದರು.

ಎರಡನೇ ಯೋಚನೆ: ಅಗ್ಗದ ಕೋಣೆ

ಖಜಾಂಚಿಗೆ ನವಿ ಮುಂಬಯಿಯ ವಾಶಿ ಕಡೆ ಒಂದು ಗೆಸ್ಟ್‌ಹೌಸ್ ಗೊತ್ತಿತ್ತು. ಹೊಸ ಕಟ್ಟಡ, ಲಿಫ್ಟ್ ಇದೆ, ದಾದರಿನ ಲಾಡ್ಜಿಗಿಂತ ಬಾಡಿಗೆ ಎಷ್ಟೋ ಕಡಿಮೆ. ಎಲ್ಲರೂ ಒಂದೇ ಕಡೆ ಇರುತ್ತಾರೆ, ಮಿನಿ ಬಸ್ ಮಾಡಿ ಕರೆತಂದರಾಯಿತು ಅನ್ನುವ ಲೆಕ್ಕ. ಕಾಗದದ ಮೇಲೆ ಇದೇ ಅಗ್ಗ. ನಾನೂ ಒಪ್ಪಿದ್ದೆ.

ತಡೆದದ್ದು ಬಳಗದ ಅತಿ ಕಿರಿಯ ಸದಸ್ಯೆ, ಕಾಲೇಜಿನಲ್ಲಿ ಪಾಠ ಮಾಡುವ ಹುಡುಗಿ. ಅವಳು ಕೇಳಿದ್ದು ಒಂದೇ ಪ್ರಶ್ನೆ: “ಅಂಕಲ್, ಮಧ್ಯಾಹ್ನ ಊಟ ಆದ್ಮೇಲೆ ಒಬ್ಬರಿಗೆ ತಲೆನೋವು ಬಂದ್ರೆ, ಒಂದು ಗಂಟೆ ಮಲಗಬೇಕು ಅನ್ನಿಸಿದ್ರೆ, ಅವರು ಹೇಗೆ ಹೋಗ್ತಾರೆ?” ಮಿನಿ ಬಸ್ ಬೆಳಿಗ್ಗೆ ತರುತ್ತದೆ, ಸಂಜೆ ಬಿಡುತ್ತದೆ. ನಡುವೆ ಅತಿಥಿ ಸಭಾಂಗಣದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬಂದಿ. ಇಡೀ ಯೋಜನೆಯನ್ನು ತಿರುಗಿಸಿದ್ದು ಈ ಪ್ರಶ್ನೆ. ಅಲ್ಲಿಯವರೆಗೆ ನಾವು ಕೋಣೆಯ ಬಾಡಿಗೆ ನೋಡುತ್ತಿದ್ದೆವು. ಆಮೇಲೆ, ಒಬ್ಬರೇ ಯಾರನ್ನೂ ಕೇಳದೆ ಕೋಣೆಗೆ ವಾಪಸ್ ಹೋಗಲು ಆಗುತ್ತದೆಯೇ ಅಂತ ನೋಡತೊಡಗಿದೆವು.

ಹಾಗೆ ನೋಡಿದರೆ ಉಳಿಯುವುದು ದಾದರ್ ಪೂರ್ವದಿಂದ ಕಿಂಗ್ಸ್ ಸರ್ಕಲ್‌ವರೆಗಿನ ಒಂದು ಪಟ್ಟಿ ಮಾತ್ರ. ನಡೆಯುವವರಿಗೆ ಅರ್ಧ ಗಂಟೆ, ಟ್ಯಾಕ್ಸಿಯಲ್ಲಿ ಹತ್ತು ನಿಮಿಷ. ಇಲ್ಲಿ ಇನ್ನೊಂದು ವಿಷಯ. ಊರಿಂದ ಬಂದವರು ಮುಂಬಯಿಯಲ್ಲಿ ಎಲ್ಲ ಕಡೆ ಆಟೋ ಸಿಗುತ್ತದೆ ಅಂದುಕೊಳ್ಳುತ್ತಾರೆ. ಆಟೋ ಸಯನ್ ಮತ್ತು ಬಾಂದ್ರಾದಿಂದ ಈಚೆಗೆ ಬರುವಂತಿಲ್ಲ. ದಾದರ್, ಮಾಟುಂಗಾದಲ್ಲಿ ಟ್ಯಾಕ್ಸಿ, ಬಸ್ಸು, ಇಲ್ಲವೇ ಕಾಲು. ನಮಗೆ ಇದು ಎಷ್ಟು ಸಹಜ ಅಂದರೆ ಅತಿಥಿಗಳಿಗೆ ಹೇಳುವುದೇ ಮರೆತೆವು. ಕುರ್ಲಾ ಟರ್ಮಿನಸ್‌ನಿಂದ ಆಟೋ ಹತ್ತಿದ ಇಬ್ಬರನ್ನು ಡ್ರೈವರ್ ಸಯನ್‌ನಲ್ಲಿ ಇಳಿಸಿ ಹೋದ. ಅವರಲ್ಲಿ ಒಬ್ಬರು ಫೋನಿನಲ್ಲಿ, “ಎಂತ ಮಾರಾಯ್ರೆ, ನಡು ದಾರಿಯಲ್ಲಿ ಬಿಟ್ಟ, ಜಗಳ ಮಾಡಬೇಕಾ?” ಅಂತ ಕೇಳಿದರು. ಪಾಪ, ಅವನದು ತಪ್ಪಿರಲಿಲ್ಲ.

ಲಾಡ್ಜಿನವರ ಮಾತು

ದಾದರಿನ ಒಂದು ಲಾಡ್ಜಿನಲ್ಲಿ ಏಳು ಕೋಣೆ ಮಾತಾಡಿ ಮುಂಗಡ ಕೊಟ್ಟೆ. ಎಲ್ಲವೂ ಬಾಯಿ ಮಾತು. ಸಭೆಗೆ ಎರಡು ವಾರ ಇರುವಾಗ ಮ್ಯಾನೇಜರ್ ಫೋನ್ ಮಾಡಿ, ಮದುವೆ ಪಾರ್ಟಿ ಬಂದಿದೆ, ನಾಲ್ಕೇ ಕೋಣೆ ಕೊಡಬಹುದು ಅಂದರು. ಜಗಳಕ್ಕೆ ನನ್ನ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ಅರ್ಧ ದಿನ ಅಲೆದು, ಸಭಾಂಗಣಕ್ಕೆ ಇನ್ನೂ ಹತ್ತಿರದ ಒಂದು ಚಿಕ್ಕ ಗೆಸ್ಟ್‌ಹೌಸಿನಲ್ಲಿ ಮೂರು ಕೋಣೆ ಹಿಡಿದೆ. ಬಾಡಿಗೆ ಜಾಸ್ತಿ. ಲಿಫ್ಟ್ ಇಲ್ಲ, ಆದರೆ ಕೋಣೆ ಮೊದಲ ಮಹಡಿಯಲ್ಲೇ. ಈ ಸಲ ದರ, ದಿನಾಂಕ, ಎಷ್ಟು ಹೊತ್ತಿಗೆ ಬರಬಹುದು, ಎಷ್ಟು ಹೊತ್ತಿಗೆ ಖಾಲಿ ಮಾಡಬೇಕು ಎಲ್ಲವನ್ನೂ ವಾಟ್ಸಾಪಿನಲ್ಲಿ ಬರೆಸಿಕೊಂಡೆ.

ಆ ‘ಎಷ್ಟು ಹೊತ್ತಿಗೆ’ ಅನ್ನುವುದು ಸಣ್ಣ ಮಾತಲ್ಲ. ಕೆಲವು ಲಾಡ್ಜುಗಳಲ್ಲಿ ಮಧ್ಯಾಹ್ನ 12ರಿಂದ 12ಕ್ಕೆ ಒಂದು ದಿನ. ಕೆಲವು ಕಡೆ ನೀವು ಬಂದ ಹೊತ್ತಿನಿಂದ 24 ಗಂಟೆ. ನಮ್ಮ ಕರಾವಳಿ ಅತಿಥಿಗಳು ಬರುವುದು ಮತ್ಸ್ಯಗಂಧ ರೈಲಿನಲ್ಲಿ. ಮಂಗಳೂರಿನಿಂದ ಮಧ್ಯಾಹ್ನ ಹೊರಟು ಮರುದಿನ ಬೆಳಿಗ್ಗೆ ಆರೂವರೆ ಸುಮಾರಿಗೆ ಕುರ್ಲಾ ಟರ್ಮಿನಸ್. ಉದ್ಘಾಟನೆ ಹತ್ತೂವರೆಗೆ. ಕೋಣೆ ಸಿಗುವುದು ಹನ್ನೆರಡಕ್ಕೆ. ಹದಿನಾರು ಗಂಟೆ ರೈಲಿನಲ್ಲಿ ಬಂದ ಆರು ಜನ ಸ್ನಾನ ಮಾಡುವುದೆಲ್ಲಿ?

ಖಜಾಂಚಿ ಸಭಾಂಗಣದಲ್ಲೂ ಬಾತ್‌ರೂಮ್ ಇದೆಯಲ್ಲ ಅಂದರು. ನಾನು ಒಪ್ಪಲಿಲ್ಲ. ಎರಡು ಕೋಣೆಗೆ ಶುಕ್ರವಾರ ರಾತ್ರಿಯಿಂದಲೇ ಬಾಡಿಗೆ ಕಟ್ಟಿದೆವು. ಯಾರೂ ಮಲಗದ ಆ ಖಾಲಿ ಕೋಣೆಗಳ ಬಾಡಿಗೆಯನ್ನು ಖಜಾಂಚಿ ಇವತ್ತಿಗೂ ಎತ್ತಿ ಆಡುತ್ತಾರೆ. ಆದರೆ ಇಡೀ ಸಂಕಿರಣದಲ್ಲಿ ನಾವು ಖರ್ಚು ಮಾಡಿದ ಅತಿ ಒಳ್ಳೆಯ ದುಡ್ಡು ಅದೇ ಅಂತ ನನ್ನ ಅಭಿಪ್ರಾಯ. ಆ ದಿನ ರೈಲು ಒಂದೂಮುಕ್ಕಾಲು ಗಂಟೆ ತಡ. ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು. ಇಬ್ಬರು ಸ್ನಾನ ಮಾಡುವಾಗ ಉಳಿದ ನಾಲ್ವರು ಕೆಳಗೆ ಇಡ್ಲಿ ತಿಂದರು, ಆಮೇಲೆ ಅದಲು ಬದಲು. ಹತ್ತೂ ಮುಕ್ಕಾಲಿಗೆ ಎಲ್ಲರೂ ಒಗೆದ ಬಟ್ಟೆಯಲ್ಲಿ ಸಭಾಂಗಣದಲ್ಲಿದ್ದರು.

ಮುಖ್ಯ ಭಾಷಣ ಮಾಡಬೇಕಾದವರೂ ಅದೇ ರೈಲಿನಲ್ಲಿದ್ದರು. ಒಂದು ತಿಂಗಳ ಹಿಂದೆಯೇ ಅವರ ಭಾಷಣವನ್ನು ಮಧ್ಯಾಹ್ನಕ್ಕೆ ತಳ್ಳಿದ್ದೆವು. ಬೆಳಿಗ್ಗೆ ರೈಲಿಳಿದವರಿಗೆ ಬೆಳಗಿನ ಮೈಕ್ ಕೊಡಬಾರದು ಅಂತ ಹೇಳಿದ್ದು ನಮ್ಮ ಹೋಟೆಲ್ ಮಾಲೀಕರು. ದಿನಾ ಊರಿಂದ ಬರುವ ಹುಡುಗರನ್ನು ನೋಡಿದವರು ಅವರು.

ಟಿಕೆಟಿನ ಎರಡು ಪಾಠ

ರೈಲ್ವೆ ಟಿಕೆಟಿನ ಮುಂಗಡ ಬುಕಿಂಗ್ ಅವಧಿ 120 ದಿನದಿಂದ 60 ದಿನಕ್ಕೆ ಇಳಿದದ್ದು 2024ರ ನವೆಂಬರ್ 1ರಿಂದ. ಅಕ್ಟೋಬರಿನಲ್ಲಿ ಆಮಂತ್ರಣ ಕಳಿಸುವಾಗ ನಮ್ಮ ತಲೆಯಲ್ಲಿ ಹಳೆಯ ಲೆಕ್ಕವೇ ಇತ್ತು. ಸರಿ, ಡಿಸೆಂಬರಿನವರೆಗೆ ಕಾದೆವು. ಬುಕಿಂಗ್ ತೆರೆದ ದಿನ ಬೆಳಿಗ್ಗೆ ಎಂಟಕ್ಕೆ ಕೂತು, ಕರಾವಳಿಯ ಆರೂ ಜನರನ್ನು ಒಂದೇ ಟಿಕೆಟಿನಲ್ಲಿ ಹಾಕಿದೆ. ಒಂದು ಟಿಕೆಟಿಗೆ ಆರು ಜನರವರೆಗೆ ಹಾಕಬಹುದು. ಒಟ್ಟಿಗೆ ಕೂತು ಹರಟೆ ಹೊಡೆಯುತ್ತಾ ಬರಲಿ ಅಂತ ನನ್ನ ಆಸೆ.

ಟಿಕೆಟ್ ಬಂತು. ಎಪ್ಪತ್ತನಾಲ್ಕು ವರ್ಷದ, ಮೊಣಕಾಲಿನ ಆಪರೇಶನ್ ಆದ ಹಿರಿಯರಿಗೆ ಮೇಲಿನ ಬರ್ತ್. ಇಪ್ಪತ್ತಾರರ ಸಂಶೋಧಕನಿಗೆ ಕೆಳಗಿನದು. ಮೊದಲು ಕಂಪ್ಯೂಟರನ್ನು ಬೈದೆ. ಆಮೇಲೆ ನಿಯಮ ಓದಿದೆ. ಅರವತ್ತು ದಾಟಿದ ಗಂಡಸರು, ನಲವತ್ತೈದು ದಾಟಿದ ಹೆಂಗಸರಿಗೆ ಕೆಳಗಿನ ಬರ್ತಿನ ಕೋಟಾ ಇದೆ. ಆದರೆ ಒಂದು ಟಿಕೆಟಿನಲ್ಲಿ ಅಂಥವರು ಒಬ್ಬರೋ ಇಬ್ಬರೋ ಇದ್ದರೆ ಮಾತ್ರ. ಜೊತೆಗೆ ಚಿಕ್ಕ ವಯಸ್ಸಿನವರನ್ನು ಸೇರಿಸಿದರೆ ಕೋಟಾ ಲೆಕ್ಕಕ್ಕೇ ಬರುವುದಿಲ್ಲ. ಅಂದರೆ ನನ್ನ ಪ್ರೀತಿಯೇ ಅವರನ್ನು ಮೇಲೆ ಹತ್ತಿಸಿತ್ತು.

ರೈಲಿನಲ್ಲಿ ಬದಲಾಯಿಸಿಕೊಳ್ಳುತ್ತಾರೆ ಬಿಡಿ ಅಂತ ಎಲ್ಲರೂ ಹೇಳಿದರು. ಆ ಸಂಶೋಧಕ ಖಂಡಿತ ಬಿಟ್ಟುಕೊಡುತ್ತಿದ್ದ. ಆದರೆ ಆರು ಬರ್ತಿನಲ್ಲಿ ಕೆಳಗಿನದು ಬಂದದ್ದು ಒಂದೇ, ಬೇಕಾದವರು ಇಬ್ಬರು. ಅದೇ ಟಿಕೆಟಿನಿಂದ ಇಬ್ಬರು ಹಿರಿಯರ ಹೆಸರು ಮಾತ್ರ ರದ್ದು ಮಾಡಿ, ಅವರಿಬ್ಬರದೇ ಬೇರೆ ಟಿಕೆಟ್ ಮಾಡಿದೆ. ಎರಡೂ ಕೆಳಗಿನ ಬರ್ತ್. ರದ್ದು ಮಾಡಿದ್ದಕ್ಕೆ ತ್ರೀ ಟೈರ್ ಎಸಿಯಲ್ಲಿ ಒಬ್ಬರಿಗೆ 180 ರೂಪಾಯಿ, ಮೇಲೆ ತೆರಿಗೆ. ಹೋಗಲಿ ಬಿಡಿ.

ಎರಡನೆಯದು ಇನ್ನೂ ಸ್ವಾರಸ್ಯ. ಕನ್ನಡ ಲೇಖಕರಿಗೆ ಟಿಕೆಟ್ ಮಾಡುವವರು ಇದನ್ನು ಗಮನಿಸಬೇಕು. ಲಾಡ್ಜಿನವರು ಎಲ್ಲರ ಆಧಾರ್ ಪ್ರತಿ ಮೊದಲೇ ಕಳಿಸಿ ಅಂದಿದ್ದರು. ಅವನ್ನೆಲ್ಲ ತರಿಸಿ ಜೋಡಿಸುವಾಗ ಒಂದು ಆಧಾರ್ ಯಾರದು ಅಂತಲೇ ತಿಳಿಯಲಿಲ್ಲ. ಫೋಟೋ ನೋಡಿ ಗುರುತು ಹಿಡಿದೆ. ಬೇರೆ ಖೋಲಿ ಕೇಳಿದ ಧಾರವಾಡದ ಲೇಖಕಿ! ನಾವು ಇಷ್ಟು ವರ್ಷ ಓದಿಕೊಂಡು ಬಂದದ್ದು ಅವರ ಕಾವ್ಯನಾಮ. ಆಮಂತ್ರಣದಲ್ಲಿ ಅದೇ, ನನ್ನ ಫೋನಿನಲ್ಲಿ ಅದೇ, ಹೋಗಿ ಬರುವ ಎರಡೂ ಟಿಕೆಟಿನಲ್ಲೂ ಅದೇ.

ಕೌಂಟರಿಗೆ ಹೋಗಿ ಕೇಳಿದೆ. ಹೆಸರು ಬದಲಾಯಿಸುವುದು ಅಂದರೆ ಒಂದೇ ಕುಟುಂಬದ ಇನ್ನೊಬ್ಬರಿಗೆ ಟಿಕೆಟ್ ವರ್ಗಾಯಿಸುವಂಥ ಕೆಲವೇ ಸಂದರ್ಭಗಳಿಗೆ. ಕಾವ್ಯನಾಮದಿಂದ ನಿಜ ನಾಮಕ್ಕೆ ವರ್ಗಾವಣೆ ಅನ್ನುವುದು ಅವರ ಪುಸ್ತಕದಲ್ಲಿ ಇಲ್ಲ. ಎರಡನ್ನೂ ರದ್ದು ಮಾಡಿದೆ. ವಾಪಸ್ ಹೋಗುವ ಟಿಕೆಟ್ ಹೊಸದಾಗಿ ಸಿಕ್ಕಿತು. ಬರುವುದಕ್ಕೆ ವೇಟಿಂಗ್ ಲಿಸ್ಟ್ ಉದ್ದ ಇತ್ತು. ಅವರಿಗೆ ಫೋನ್ ಮಾಡಿ ತಪ್ಪು ಒಪ್ಪಿಕೊಂಡೆ. ಅವರು ನಕ್ಕು, “ಬಸ್ಸಿಗೆ ಬರ್ತೀನಿ ತಗೋರಿ, ಅದರಾಗೇನದ” ಅಂದರು. ರಾತ್ರಿ ಸ್ಲೀಪರ್ ಬಸ್ ಹತ್ತಿ ಬೆಳಿಗ್ಗೆ ಸಯನ್‌ನಲ್ಲಿ ಇಳಿದರು. ಬಸ್ಸಿನವರು ಹೆಸರು ಕೇಳಿದರಂತೆ, ಆಧಾರ್ ಕೇಳಲಿಲ್ಲವಂತೆ.

ಸ್ಟೇಷನ್ ಮುಂದೆ ನಿಂತ ಇಬ್ಬರು

ಶೀರ್ಷಿಕೆಯ ಕತೆ ಇಲ್ಲಿ ಬರುತ್ತದೆ. ಮೈಸೂರಿನ ಪ್ರೊಫೆಸರು ತಮ್ಮ ಖರ್ಚಿನಲ್ಲೇ ವಿಮಾನದಲ್ಲಿ ಬಂದರು. ಟ್ಯಾಕ್ಸಿ ಬೇಡ, ಲೋಕಲಿನಲ್ಲೇ ಬರುತ್ತೇನೆ ಅಂತ ಅವರ ಹಠ. ನಮ್ಮ ಪತ್ರದಲ್ಲಿ ‘ಮಾಟುಂಗಾ ಸ್ಟೇಷನ್‌ನಿಂದ ಹತ್ತು ನಿಮಿಷ’ ಅಂತ ಇತ್ತು. ನಾನು ಶುಕ್ರವಾರ ಸಂಜೆ ಸ್ಟೇಷನ್ ಮುಂದೆ ನಿಂತೆ. ಫೋನ್ ಬಂತು.

“ನಾನು ಸ್ಟೇಷನ್ ಮುಂದೇ ಇದ್ದೀನಿ. ನೀವು ಕಾಣ್ತಾ ಇಲ್ಲ.”

“ನಾನೂ ಸ್ಟೇಷನ್ ಮುಂದೇ ಇದ್ದೀನಿ ಸರ್. ಯಾವ ಶರ್ಟು?”

“ನೀಲಿ. ಕೈಯಲ್ಲಿ ಕೆಂಪು ಸೂಟ್‌ಕೇಸು.”

ಐದು ನಿಮಿಷ ಹೀಗೇ ನಡೆಯಿತು. ಕೊನೆಗೆ ಹೊಳೆಯಿತು. “ಸರ್, ಯಾವ ಲೈನಿನಲ್ಲಿ ಬಂದ್ರಿ? ಅಂಧೇರಿಯಿಂದಲಾ?” ಹೌದು. ಅಂದರೆ ಅವರು ನಿಂತದ್ದು ವೆಸ್ಟರ್ನ್ ಲೈನಿನ ಮಾಟುಂಗಾ ರೋಡಿನಲ್ಲಿ. ನಾನು ಸೆಂಟ್ರಲ್ ಲೈನಿನ ಮಾಟುಂಗಾದಲ್ಲಿ. ಸಾಲದ್ದಕ್ಕೆ ಸಭಾಂಗಣಕ್ಕೆ ಹತ್ತಿರದ ಹಾರ್ಬರ್ ಲೈನ್ ಸ್ಟೇಷನ್ನಿನ ಹೆಸರು ಕಿಂಗ್ಸ್ ಸರ್ಕಲ್. ಒಂದೇ ಮಾಟುಂಗಾಕ್ಕೆ ಮೂರು ಲೈನು, ಮೂರು ಸ್ಟೇಷನ್ನು. ಇಬ್ಬರೂ ನಿಂತದ್ದು ಸರಿಯಾದ ಜಾಗದಲ್ಲೇ, ನಡುವೆ ಹಳಿಗಳು. ನಾನು ಝಡ್ ಬ್ರಿಜ್ ಹತ್ತಿ ಆಚೆ ಹೋಗಿ ಅವರ ಸೂಟ್‌ಕೇಸ್ ಹಿಡಿದು ಮತ್ತೆ ಅದೇ ಬ್ರಿಜ್ ಹತ್ತಿ ಈಚೆ ಬಂದೆ. ಸೂಟ್‌ಕೇಸಿನಲ್ಲಿ ಪೂರ್ತಿ ಪುಸ್ತಕಗಳು.

ಆ ರಾತ್ರಿಯೇ ಎಲ್ಲರಿಗೂ ಹೊಸ ಸಂದೇಶ ಕಳಿಸಿದೆ. ಯಾವ ರೈಲಿನಲ್ಲಿ ಬಂದವರು ಎಲ್ಲಿ ಇಳಿಯಬೇಕು, ಯಾವ ಬದಿಗೆ ಹೊರಬರಬೇಕು, ಪೂರ್ವವೋ ಪಶ್ಚಿಮವೋ. ದಾದರಿಗೆ ಬರುವವರಿಗೆ ಪ್ಲಾಟ್‌ಫಾರ್ಮ್ ವಿಷಯವನ್ನೂ ಬರೆದೆ. ಮೊದಲು ಅಲ್ಲಿ ಎರಡೂ ರೈಲ್ವೆಗೆ ಬೇರೆ ಬೇರೆ ಒಂದು, ಎರಡು ಅಂತ ಸಂಖ್ಯೆ ಇತ್ತು. 2023ರ ಡಿಸೆಂಬರಿನಿಂದ ವೆಸ್ಟರ್ನ್ 1ರಿಂದ 7, ಸೆಂಟ್ರಲ್ 8ರಿಂದ 14. ಹಳೆಯ ನೆನಪಿನಲ್ಲಿ ಬರುವವರು ತಬ್ಬಿಬ್ಬಾಗುತ್ತಾರೆ.

ಭಾನುವಾರ

ಮುಂಬಯಿಯವರಿಗೆ ಭಾನುವಾರ ಅಂದರೆ ಮೆಗಾ ಬ್ಲಾಕ್. ಹಳಿ ರಿಪೇರಿಗೆ ಬೆಳಿಗ್ಗೆ ಹನ್ನೊಂದರ ಸುಮಾರಿನಿಂದ ಸಂಜೆ ನಾಲ್ಕರವರೆಗೆ ಒಂದೊಂದು ಭಾಗದಲ್ಲಿ ಲೋಕಲ್ ನಿಲ್ಲಿಸುತ್ತಾರೆ, ಇಲ್ಲವೇ ಬೇರೆ ಹಳಿಗೆ ತಿರುಗಿಸುತ್ತಾರೆ. ಎಲ್ಲಿ ಅಂತ ಗೊತ್ತಾಗುವುದು ಒಂದೆರಡು ದಿನ ಮೊದಲು. ಆ ಭಾನುವಾರ ಹಾರ್ಬರ್ ಲೈನಿನಲ್ಲಿ ಕುರ್ಲಾದಿಂದ ವಾಶಿವರೆಗೆ. ವಾಶಿಯ ಗೆಸ್ಟ್‌ಹೌಸ್ ಬಿಟ್ಟದ್ದು ಎಷ್ಟು ಒಳ್ಳೆಯದಾಯಿತು ಅಂತ ನಾವು ಬೆನ್ನು ತಟ್ಟಿಕೊಂಡೆವು.

ಹನ್ನೊಂದೂವರೆಯ ಗೋಷ್ಠಿಗೆ ಅತಿಥಿಗಳು ಎಲ್ಲರೂ ಹಾಜರು. ಅಧ್ಯಕ್ಷತೆ ವಹಿಸಬೇಕಾದ ನಮ್ಮದೇ ನೆರೂಲ್ ಸದಸ್ಯರು ಇಲ್ಲ. ನೆರೂಲ್ ಇರುವುದೂ ಅದೇ ಲೈನಿನಲ್ಲಿ, ವಾಶಿಯಿಂದಾಚೆ. ಪ್ರೊಜೆಕ್ಟರ್ ತರಬೇಕಾದ ಹುಡುಗನೂ ಅದೇ ಕಡೆಯವನು. ಅತಿಥಿಗಳ ಬಗ್ಗೆ ಎರಡು ತಿಂಗಳು ತಲೆ ಕೆಡಿಸಿಕೊಂಡವರು ನಮ್ಮ ಬಗ್ಗೆ ಯೋಚಿಸಿರಲೇ ಇಲ್ಲ. ಸದಸ್ಯರು ಬಸ್ಸು ಬದಲಿಸಿ ಬರುವಾಗ ಐವತ್ತು ನಿಮಿಷ ತಡ. ಕಲಬುರಗಿಯ ಅತಿಥಿ ತಾವೇ ಅಧ್ಯಕ್ಷರ ಕುರ್ಚಿಯಲ್ಲಿ ಕೂತು, ಚಿತ್ರಗಳಿಲ್ಲದೆ ಬಾಯಲ್ಲೇ ಗೋಷ್ಠಿ ನಡೆಸಿದರು. ನಿಜ ಹೇಳಬೇಕೆಂದರೆ ಎರಡು ದಿನದಲ್ಲಿ ಅತಿ ಜೀವಂತವಾಗಿದ್ದ ಗೋಷ್ಠಿ ಅದು. ಆದರೆ ಅದು ನಮ್ಮ ಯೋಜನೆಯ ಫಲ ಅಲ್ಲ.

ವಾಪಸಾತಿಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಮತ್ಸ್ಯಗಂಧ ಕುರ್ಲಾದಿಂದ ಹೊರಡುವುದು ಮಧ್ಯಾಹ್ನ 3.20ಕ್ಕೆ. ಸಮಾರೋಪ ಇದ್ದದ್ದು ನಾಲ್ಕಕ್ಕೆ. ಸಮಾರೋಪವನ್ನು ಮುಂಚೆ ಮಾಡೋಣ ಅಂದರೆ ಅಧ್ಯಕ್ಷರು ಒಪ್ಪಲಿಲ್ಲ, ಸ್ಥಳೀಯರು ಬರುವುದೇ ಸಂಜೆಗೆ. ಆದ್ದರಿಂದ ಟಿಕೆಟ್ ಮಾಡುವಾಗಲೇ ಕರಾವಳಿಯವರಿಗೆ ಸಿಎಸ್‌ಎಂಟಿಯಿಂದ (ಹಳೆಯ ವಿಟಿ ಸ್ಟೇಷನ್) ರಾತ್ರಿ ಹೊರಡುವ ಮಂಗಳೂರು ರೈಲು ಹಿಡಿದೆವು. ಒಂದು ಕೋಣೆಯನ್ನು ರಾತ್ರಿ ಎಂಟರವರೆಗೆ ಉಳಿಸಿಕೊಂಡು ಎಲ್ಲರ ಸಾಮಾನು ಅಲ್ಲಿ ತುಂಬಿದೆವು. ಬೆಂಗಳೂರಿನವರಿಗೆ ಉದ್ಯಾನ್ ಎಕ್ಸ್‌ಪ್ರೆಸ್ ಬೆಳಿಗ್ಗೆ ಎಂಟರ ಸುಮಾರಿಗೆ. ಹಾಗಾಗಿ ಇನ್ನೊಂದು ರಾತ್ರಿ. ಗುರುವಾರ ರಾತ್ರಿ ಬೆಂಗಳೂರು ಬಿಟ್ಟವರು ಮಂಗಳವಾರ ಬೆಳಿಗ್ಗೆ ಮನೆ ಸೇರಿದರು. ಎರಡು ದಿನದ ಸಭೆಗೆ ಇಷ್ಟು ದಿನ ಕೇಳುತ್ತಿದ್ದೇವೆ ಅಂತ ಆಮಂತ್ರಣದಲ್ಲೇ ಹೇಳಬೇಕಿತ್ತು. ಅವರಲ್ಲಿ ಒಬ್ಬರಿಗೆ ರಜೆಯ ತೊಂದರೆ ಆಯಿತು.

ಈಗ ನಮ್ಮ ಫಾರ್ಮ್ ಎರಡು ಪುಟ. ಅದರಲ್ಲಿ ವಯಸ್ಸು, ಮೆಟ್ಟಿಲು, ಬರ್ತ್, ಒಬ್ಬರೇ ಇರುವ ಕೋಣೆ ಬೇಕೇ ಅನ್ನುವುದು, ಎಲ್ಲ ಇದೆ. ಮೊದಲ ಸಾಲು ಮಾತ್ರ ದಪ್ಪ ಅಕ್ಷರದಲ್ಲಿ: ಆಧಾರ್‌ನಲ್ಲಿ ಇರುವ ಹೆಸರು.

ಆ ಸಾಲು ಬಂದದ್ದು ಧಾರವಾಡದ ಗುಂಪನ್ನು ಬೀಳ್ಕೊಟ್ಟ ರಾತ್ರಿ. ದಾದರಿಗೆ ಅವರ ಜೊತೆ ಹೋದದ್ದು ನಮ್ಮ ಪ್ರೊಜೆಕ್ಟರ್ ಹುಡುಗ. ಕೈಯಲ್ಲಿ ನಾನು ಬರೆದುಕೊಟ್ಟ ಟಿಕೆಟ್ ಪಟ್ಟಿ. ಮೂವರನ್ನು ಗುರುತು ಹಿಡಿದು ಹತ್ತಿಸಿದ. ನಾಲ್ಕನೆಯ ಹೆಸರನ್ನು ಪ್ಲಾಟ್‌ಫಾರ್ಮಿನ ಉದ್ದಕ್ಕೂ ಕೂಗುತ್ತಾ ಓಡಾಡಿದ, ಯಾರೂ ಓಗೊಡಲಿಲ್ಲ. ನನಗೆ ಫೋನ್ ಮಾಡಿದ: “ಅಂಕಲ್, ಈ ಮೇಡಂ ಯಾರು? ಎರಡು ದಿನದಲ್ಲಿ ಈ ಹೆಸರೇ ಕೇಳಿಲ್ಲ.” ಫೋನಿನಲ್ಲಿ ಅವನ ಹಿಂದಿನಿಂದ ಒಂದು ದನಿ ಕೇಳಿಸಿತು. “ಏ ತಮ್ಮಾ, ಅದು ನಾನ ಅದೀನಿ. ನನಗೂ ಈಗ ನೆನಪಾತು ನೋಡು.”